ರೇಡಿಯೋ ಮಾಮನ ಇನ್ನೊಂದು ಬ್ಯಾಟರಿ

“ಇದಕ್ಕಿಂತ ದೊಡ್ಡದು ಇಲ್ವಾ?”

ಮೂರನೆಯ ಅಂಗಡಿಯಲ್ಲೂ ಗಂಡ ಅದನ್ನೇ ಕೇಳಿದಾಗ ಅವಳು ಕೈಚೀಲವನ್ನು ಕೌಂಟರಿನ ಮೇಲೆ ಕುಕ್ಕಿದಳು. ಬೆಳಿಗ್ಗೆಯಿಂದ ಇದೇ ರಾಗ. ಮೊದಲನೆಯ ಅಂಗಡಿಯವನು ಲಾರಿಯ ಬ್ಯಾಟರಿ ತೋರಿಸಿದ್ದ, ಎರಡನೆಯವನು ಮನೆಯ ಇನ್ವರ್ಟರಿನದ್ದು. ಎರಡೂ ಕಡೆ ಈ ಮಹಾರಾಯ ಬ್ಯಾಟರಿಯನ್ನು ಕಲ್ಲಂಗಡಿ ಆರಿಸುವವನ ಹಾಗೆ ಬೆರಳಿನಿಂದ ತಟ್ಟಿ ನೋಡಿ, ಸಾಲದು ಎಂದು ಮುಖ ತಿರುಗಿಸಿ ಬಂದಿದ್ದ. ಬೇಕಾಗಿದ್ದದ್ದು ವಿಮಾನಕ್ಕೂ ಅಲ್ಲ, ಹಡಗಿಗೂ ಅಲ್ಲ. ಕೆರೆಯಲ್ಲಿ ಜನರನ್ನು ಒಂದು ಸುತ್ತು ಹಾಕಿಸಿ ಕರೆತರುವ ಅವರ ದೋಣಿಯ ಸ್ಟೀರಿಯೋಗೆ.

ದೋಣಿ ಇಬ್ಬರದ್ದೂ. ಚುಕ್ಕಾಣಿ ಅವನದು, ಟಿಕೆಟ್ಟು, ಲೈಫ್ ಜಾಕೆಟ್ಟು, ವಾಂತಿ ಮಾಡಿಕೊಳ್ಳುವ ಮಕ್ಕಳು ಇತ್ಯಾದಿ ಅವಳ ಪಾಲು. ಹಾಡು ಹಾಕುವ ದೋಣಿ ಎಂದೇ ಅದಕ್ಕೆ ಹೆಸರು. ದೋಣಿ ಕಟ್ಟುವ ಜೆಟ್ಟಿಯಲ್ಲಿ ಚಿಕ್ಕವರು ದೊಡ್ಡವರೆಲ್ಲ ಅವನನ್ನು ರೇಡಿಯೋ ಮಾಮ ಎನ್ನುತ್ತಿದ್ದರು, ಅವನಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ. ಆದರೆ ಈ ಒಂದು ವರ್ಷದಿಂದ ಹಾಡು ಹಾಡಾಗಿ ಉಳಿದಿರಲಿಲ್ಲ, ಅರಚಾಟವಾಗಿತ್ತು. ಸ್ಪೀಕರಿನ ಪಕ್ಕದ ಸೀಟಿನವರು ಎದ್ದು ಬಂದು ಅವಳ ಹತ್ತಿರ ದೂರು ಹೇಳುತ್ತಿದ್ದರು. ಅವಳು ಅವನ ಬೆನ್ನ ಹಿಂದೆ ನಿಂತು, “ರೀ, ಸ್ವಲ್ಪ ಕಮ್ಮಿ ಮಾಡ್ರಿ” ಎಂದು ಗೋಗರೆದರೆ ಆ ತಲೆ ಇತ್ತ ತಿರುಗುತ್ತಿರಲಿಲ್ಲ. ಗಂಡಸಿನ ಹಟ ಎಂದು ಅವಳು ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದಳು.

ಕಳೆದ ಭಾನುವಾರ ಸ್ಟೀರಿಯೋ ಬ್ಯಾಟರಿಯನ್ನು ಪೂರ್ತಿ ಹೀರಿಬಿಟ್ಟಿತು. ನಡುನೀರಿನಲ್ಲಿ ಎಂಜಿನ್ ಆರಿಸಿ ಜನರಿಗೆ ಸೂರ್ಯಾಸ್ತ ತೋರಿಸುವುದು ಅವನ ಪದ್ಧತಿ. ತೋರಿಸಿದ. ಮತ್ತೆ ಕೀಲಿ ತಿರುಗಿಸಿದರೆ ಎಂಜಿನ್ ಟಕ್ ಎಂದದ್ದೇ ಹೊರತು ಮಿಸುಕಲಿಲ್ಲ. ಗಾಳಿಗೆ ದೋಣಿ ಅಡ್ಡಡ್ಡ ತೇಲತೊಡಗಿತು. ಹೆಂಗಸೊಬ್ಬಳು ಮಗುವನ್ನು ಅವುಚಿಕೊಂಡು ಅಳಲಾರಂಭಿಸಿದಳು. ಕೊನೆಗೆ ಇವರಿಗೆ ಪೈಪೋಟಿ ಕೊಡುವ ದೋಣಿಯವನೇ ಬಂದು, ಹಗ್ಗ ಕಟ್ಟಿ, ಹಲ್ಲು ಕಿರಿಯುತ್ತ ದಡಕ್ಕೆ ಎಳೆದು ತಂದ. ಜೆಟ್ಟಿಯ ಮೇಲ್ವಿಚಾರಕ ಎಲ್ಲರೆದುರು ಬೆರಳು ತೋರಿಸಿ ಹೇಳಿದ: “ಇನ್ನೊಂದ್ ಸಲ ಹೀಗಾಯ್ತೋ, ನಿಮ್ಮ ಬೋಟು ಇಲ್ಲಿ ಕಟ್ಟೋ ಹಾಗಿಲ್ಲ.” ಅವಳಿಗೆ ನಾಚಿಕೆಯಿಂದ ನೆಲ ಬಿರಿದು ನುಂಗಬಾರದೇ ಅನ್ನಿಸಿತ್ತು.

ಅವಳ ಮದ್ದು ಸುಲಭದ್ದು: ವಾಲ್ಯೂಮ್ ಇಳಿಸುವುದು. ಅವನ ಮದ್ದು ಇನ್ನೊಂದು ಬ್ಯಾಟರಿ. ಶನಿವಾರಕ್ಕೆ ಇಡೀ ದೋಣಿಯನ್ನು ಒಂದು ದೊಡ್ಡ ಕುಟುಂಬ ಗೊತ್ತು ಮಾಡಿತ್ತು. ಜಗಳ ಮಾಡಿ ಮಾಡಿ ಸುಸ್ತಾಗಿ, ಏನಾದರೂ ಹಾಳಾಗಿ ಹೋಗಲಿ ಎಂದು ಅವಳು ಅವನ ಜೊತೆ ಹೊರಟಿದ್ದಳು.

ಈ ಮೂರನೆಯ ಅಂಗಡಿಯವನು ಮಾತುಗಾರ. ಕೆಳಗೆ ಕೂತು ಯಾವುದೋ ತಂತಿಯ ತುದಿ ಕೆರೆಯುತ್ತಲೇ, ತಲೆ ಎತ್ತದೆ ಕೇಳಿದ: “ದೊಡ್ಡದು ಚಿಕ್ಕದು ಆಮೇಲೆ ಸಾರ್. ಈಗ ಎಂಜಿನ್ನಿಗೂ ಸ್ಟೀರಿಯೋಗೂ ಒಂದೇ ಬ್ಯಾಟರೀನಾ?”

ಅವನು ಹೆಂಡತಿಯ ಕಡೆ ತಿರುಗಿದ. “ಏನಂತೆ?”

“ಎರಡಕ್ಕೂ ಒಂದೇನಾ ಅಂತ ಕೇಳ್ತಾ ಇದಾರೆ. ಬಾಯಿ ಇಲ್ವಾ ನಿಮಗೆ? ಎಲ್ಲದಕ್ಕೂ ನಡುವೆ ನಾನೊಬ್ಬಳು ಬೇಕು.”

“ಒಂದೇ. ಅದಕ್ಕೇ ಬಂದಿರೋದು,” ಎಂದ ಅವನು ಅಂಗಡಿಯವನಿಗೆ.

“ಅದೇ ತಪ್ಪು ನೋಡಿ.” ಅಂಗಡಿಯವನು ಎದ್ದು ನಿಂತು ಎರಡು ಬ್ಯಾಟರಿಗಳನ್ನು ಕೌಂಟರಿನ ಮೇಲೆ ಎತ್ತಿಟ್ಟ. “ಎಂಜಿನ್ ಬ್ಯಾಟರಿ ಅನ್ನೋದು ಒಂದೇ ಏಟಿಗೆ ಜೋರಾಗಿ ಒದೆಯೋದಕ್ಕೆ. ಗಂಟೆಗಟ್ಟಲೆ ಹಾಡಿಸಿದ್ರೆ ಸತ್ತೇ ಹೋಗುತ್ತೆ. ಹಾಡಿಗೆ ಇದು ಬೇಕು, ನಿಧಾನಕ್ಕೆ ಕೊಡ್ತಾ ಇರುತ್ತೆ. ಪೂರ್ತಿ ಸೀಲ್ ಆಗಿರೋದು, ಬೋಟ್ ಅಲ್ಲಾಡಿದ್ರೂ ಆಸಿಡ್ ಚೆಲ್ಲಲ್ಲ. ನಡುವೆ ಒಂದು ಸ್ವಿಚ್ ಹಾಕ್ಕೊಡ್ತೀನಿ. ಇದರ ಪಾಲು ಇದಕ್ಕೆ, ಅದರ ಪಾಲು ಅದಕ್ಕೆ.”

ಅವಳಿಗೆ ಮೊದಲ ಸಲ ಜೀವ ಬಂದಂತಾಯಿತು. “ಇದೇ ಸಾಕಲ್ಲ? ಕೊಟ್ಬಿಡಿ.”

“ಇದರಲ್ಲಿ ಎರಡು ಬೇಕಾಗುತ್ತೆ,” ಎಂದ ಗಂಡ.

“ಎರಡಾ!”

“ಎರಡು ಯಾಕೆ ಸಾರ್?” ಅಂಗಡಿಯವನಿಗೂ ಆಶ್ಚರ್ಯ. ಎರಡು ಮಾರುವ ಆಸೆ ಅವನಿಗೂ ಇದ್ದೀತು, ಆದರೆ ಲೆಕ್ಕ ತಪ್ಪುವುದು ಅವನಿಗೆ ಸಹಿಸದು. ಸ್ಟೀರಿಯೋ ಯಾವುದು ಎಂದು ವಿಚಾರಿಸಿದ. ಗಂಡ ಮೊಬೈಲಿನಲ್ಲಿ ಫೋಟೋ ತೋರಿಸಿದ. “ಓ, ಇದೇ ಸೆಟ್ಟು ರಿಪೇರಿಗೆ ಬಂದು ಇಲ್ಲೇ ಕೂತಿದೆ. ಇದು ಈ ಒಂದು ಬ್ಯಾಟರೀಲಿ ಬೆಳಿಗ್ಗೆಯಿಂದ ಸಾಯಂಕಾಲದ ತನಕ ಹಾಡುತ್ತೆ. ಎಷ್ಟರ ಮೇಲೆ ಇಡ್ತೀರಿ ವಾಲ್ಯೂಮು?”

ಅವನು ಅಂಗಡಿಯವನ ಮುಖವನ್ನೇ ನೋಡುತ್ತಿದ್ದ. “ವಾಲ್ಯೂಮಾ? ಸಾಧಾರಣ.”

“ಸಾಧಾರಣವಾ!” ಅವಳು ಅಂಗಡಿಯವನ ಮುಂದೆ ಕೈ ಆಡಿಸಿದಳು. “ಇವರ ಸಾಧಾರಣಕ್ಕೆ ಕೆರೆ ಮೀನೆಲ್ಲ ಗುಳೆ ಎದ್ದು ಹೋಗಿವೆ ಕಣಪ್ಪ. ಹಾಕಿ ತೋರಿಸು ಒಂದ್ಸಲ. ಮನುಷ್ಯರಾದವರು ಎಷ್ಟಕ್ಕೆ ಇಡ್ತಾರೆ ಅಂತ ಇವರಿಗೂ ಗೊತ್ತಾಗ್ಲಿ.”

ಅಂಗಡಿಯವನು ನಗುತ್ತ ಶೆಲ್ಫಿನಿಂದ ಸೆಟ್ಟನ್ನು ಇಳಿಸಿ, ಧೂಳು ಊದಿ, ತಂತಿಗಳನ್ನು ಬ್ಯಾಟರಿಯ ಮೂತಿಗೆ ಸಿಕ್ಕಿಸತೊಡಗಿದ. ಗಂಡ ಆ ಕಡೆ ತಿರುಗಿ, ಗೋಡೆಗೆ ಜೋಡಿಸಿದ್ದ ದೊಡ್ಡ ಬ್ಯಾಟರಿಗಳನ್ನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ನೋಡುತ್ತ ನಿಂತ. ಸೆಟ್ಟಿನ ಮೇಲೆ ಹಸಿರು ಅಂಕಿ ಮೂಡಿತು. ಹನ್ನೆರಡು. ಹಾಡು ಶುರುವಾಯಿತು. ಹಿತವಾಗಿ ಅಂಗಡಿಯ ತುಂಬ ಕೇಳುತ್ತಿತ್ತು. ಬಾಗಿಲ ಹತ್ತಿರ ಸೈಕಲ್ ನಿಲ್ಲಿಸುತ್ತಿದ್ದವನೊಬ್ಬ ತಲೆ ತೂಗಿದ. ಈಗ ಏನಂತೀರಿ ಎಂದು ಕೇಳಲು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಅವನು ಇತ್ತ ತಿರುಗಿದ. “ಏನು ನೋಡ್ತಾ ನಿಂತ್ರಿ? ಹಾಕ್ರಿ, ಕೇಳೋಣ.”

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. ಅವನಿಗೆ ಆ ಬುದ್ಧಿ ಉಂಟು. ಆದರೆ ಅವನು ನಿಂತಿದ್ದ ರೀತಿಯಲ್ಲಿ ತಮಾಷೆ ಇರಲಿಲ್ಲ. ತಲೆಯನ್ನು ಒಂಚೂರು ಓರೆ ಮಾಡಿ, ಹುಬ್ಬೇರಿಸಿ, ಕೆಲಸ ತಡವಾಗುತ್ತಿದೆ ಎಂದು ಸಣ್ಣಗೆ ಸಿಡುಕುತ್ತ ಕಾಯುವ ಗಿರಾಕಿಯ ಹಾಗಿದ್ದ. ಹಾಡು ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋಗಿತ್ತು.

ಅಂಗಡಿಯವನು ಅವಳನ್ನು ನೋಡಿದ. ಅವಳು ತನಗೇ ತಿಳಿಯದಂತೆ ದನಿ ಎತ್ತಿದಳು: “ವೈರು ಸಿಕ್ಕಿಸ್ತಾ ಇದಾರೆ, ಇರ್ರೀ!” ಆಮೇಲೆ ಕೌಂಟರಿನ ಮರೆಯಲ್ಲಿ ಬೆರಳು ತಿರುಗಿಸಿ ಸನ್ನೆ ಮಾಡಿದಳು.

ಅಂಗಡಿಯವನು ತಿರುಗಿಸುತ್ತ ಹೋದ. ಹದಿನೈದು, ಹದಿನೆಂಟು. ಗಂಡನ ಮುಖ ಹಾಗೇ ಇತ್ತು. ಇಪ್ಪತ್ತೆರಡಕ್ಕೆ ಕೌಂಟರಿನ ಗಾಜು ನಡುಗಿತು, ರಸ್ತೆಯಲ್ಲಿ ಹೋಗುವವರು ಇತ್ತ ನೋಡಿದರು. ಇಪ್ಪತ್ತಾರಕ್ಕೆ ಅವನ ಬೆರಳು ತಾಳ ಹಾಕತೊಡಗಿತು.

“ಹಾಂ, ಈಗ ಬಂತು. ಇಷ್ಟೇ ನಾನು ಇಡೋದು. ಹೆಚ್ಚೇನಿಲ್ಲ,” ಎಂದ ಅವನು, ಖುಷಿಯಾಗಿ.

ಅಂಗಡಿಯವನು ಸೆಟ್ಟನ್ನು ಆರಿಸಿದ. ಆಮೇಲೆ, ಪಕ್ಕದಲ್ಲೇ ನಿಂತವನ ಎದುರಿಗೆ, ಸಹಜವಾದ ದನಿಯಲ್ಲಿ ಅವಳಿಗೆ ಹೇಳಿದ: “ಅಕ್ಕ, ಇದು ಬ್ಯಾಟರಿ ವಿಷಯ ಅಲ್ಲ.”

“ಗೊತ್ತಾಯ್ತು,” ಎಂದಳು.

ಗಂಡ ಅಲ್ಲೇ ಪಕ್ಕದಲ್ಲಿ ಬ್ಯಾಟರಿಯ ಮೇಲಿನ ಚೀಟಿ ಓದುತ್ತಿದ್ದ.

ಅವಳಿಗೆ ಬಂದದ್ದು ಅಳುವಲ್ಲ, ಕೋಪ. ಒಂದು ವರ್ಷ ಅಡುಗೆಮನೆಯಿಂದ ಕರೆದದ್ದು, ಬಾತ್‌ರೂಮಿನಿಂದ ಟವೆಲ್ ಕೇಳಿದ್ದು, ಮಲಗಿ ಕತ್ತಲಲ್ಲಿ ಹೇಳಿಕೊಂಡ ಎಷ್ಟೋ ಮಾತು, ಎಲ್ಲ ಗೋಡೆಗೆ ಹೇಳಿದಂತಾಯಿತಲ್ಲ. ತಾನು ಅವನನ್ನು ಹಟಮಾರಿ ಎಂದು ಬೈದುಕೊಂಡದ್ದಕ್ಕೂ, ಬೈಸಿಕೊಂಡು ಅವನು ಬಾಯಿ ಬಿಡದೆ ಇದ್ದದ್ದಕ್ಕೂ ಸೇರಿ ಮೈಯೆಲ್ಲ ಉರಿಯಿತು. ಅವನ ಎದುರಿಗೆ ಹೋಗಿ ನಿಂತು, “ಇವತ್ತು ಬೇಡ, ನಡೀರಿ” ಎಂದಳು.

“ಬೇಡ ಅಂದ್ರೆ? ಬೆಳಿಗ್ಗೆಯಿಂದ ಅಲೆದು ಬರಿಗೈಲಿ ಹೋಗೋದಾ? ಶನಿವಾರ ಏನು ಮಾಡೋದು?”

“ನಡೀರಿ ಅಂದೆ.”

ರಸ್ತೆ ದಾಟಿ, ಬಾಗಿಲು ಹಾಕಿದ್ದ ಅಂಗಡಿಯೊಂದರ ಮೆಟ್ಟಿಲ ಹತ್ತಿರ ಬರುವವರೆಗೂ ಅವನು ಗೊಣಗುತ್ತಲೇ ಇದ್ದ. ತಲೆ ಕೆಟ್ಟಿದೆ ನಿನಗೆ, ಒಳ್ಳೆ ಮಾಲು ಬಿಟ್ಟು ಬಂದೆ, ಇಂಥ ಹೆಂಗಸನ್ನ ಕಟ್ಟಿಕೊಂಡು ವ್ಯಾಪಾರ ಮಾಡೋದು ಉಂಟಾ. ಅವಳು ಮೆಟ್ಟಿಲ ಮೇಲೆ ಕೂತು ಕಾದಳು. ಅವನ ಗೊಣಗಾಟ ತಾನಾಗಿ ತಗ್ಗಿತು. ಅವನೂ ಕೂತ. ಎದುರಿನ ಬ್ಯಾಟರಿ ಅಂಗಡಿಯ ಕಡೆ ನೋಡಿದ.

“ನಾನು ಹಾಕ್ರಿ ಅಂದಾಗ,” ಎಂದ ಕೊನೆಗೆ, “ಆಗಲೇ ಹಾಡು ಬರ್ತಾ ಇತ್ತಾ?”

ಅವಳು ಅವನತ್ತ ಪೂರ್ತಿ ತಿರುಗಿದಳು. “ಬರ್ತಾ ಇತ್ತು.”

“ಅದಕ್ಕೇ ಅವನು ಹಂಗ್ ನೋಡಿದ.”

“ಯಾವಾಗಿಂದ ಹಿಂಗೆ?”

“ಎಂಜಿನ್ ಕಡೆ ಕಿವಿ ಹೋಗಿ ಬಹಳ ದಿನ ಆಯ್ತು. ಇನ್ನೊಂದು ಇತ್ತು. ಈಗ ಅದೂ ಹೀಗೆ.” ಅಂಗೈಯನ್ನು ನಿಧಾನವಾಗಿ ಕೆಳಗೆ ಇಳಿಸಿ ತೋರಿಸಿದ.

“ನನಗೊಂದು ಮಾತು ಹೇಳಬಾರದಿತ್ತಾ? ನಾನೇನು ಬೀದಿಯವಳಾ?”

“ಹೇಳಿದ್ರೆ ನೀನು ಡಾಕ್ಟರ್ ಹತ್ರ ಎಳ್ಕೊಂಡು ಹೋಗ್ತಿದ್ದೆ. ಡಾಕ್ಟರ್ ಬರೆದುಕೊಡ್ತಿದ್ದ. ಬರೆದ ಮೇಲೆ ಚುಕ್ಕಾಣಿ ಯಾರು ಕೊಡ್ತಾರೆ ನನಗೆ?”

“ಯಾರು ಕೊಟ್ರೂ ನಾನು ಕೊಡಲ್ಲ,” ಎಂದಳು ಅವಳು. ಇಷ್ಟು ಖಡಾಖಂಡಿತವಾಗಿ ಬರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. “ಎದುರಿಗೊಂದು ಬೋಟು ಹಾರ್ನ್ ಹೊಡೆದ್ರೆ? ಹಿಂದೆ ಒಂದು ಮಗು ನೀರಿಗೆ ಬಿದ್ದು ಕೂಗಿದ್ರೆ? ಶನಿವಾರ ನೀವು ನಡೆಸಲ್ಲ. ಬೇರೆಯವರನ್ನ ಕರೀತೀನಿ. ಇಲ್ಲ ಅಂದ್ರೆ ಬೋಟೇ ಬಿಡಲ್ಲ.”

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದಳು. ಕೂಗಾಡಿದ್ದರೆ ಅವಳಿಗೂ ಸಲೀಸಾಗುತ್ತಿತ್ತು. ಅವನು ಅವಳ ತುಟಿಗಳನ್ನೇ ನೋಡುತ್ತ ಕೊನೆಯ ಮಾತಿನವರೆಗೂ ಕೇಳಿ, ಚಪ್ಪಲಿಯ ಬಾರನ್ನು ಸರಿಮಾಡಿಕೊಂಡ. ಮತ್ತೆ ಬಿಚ್ಚಿ ಮತ್ತೆ ಸರಿಮಾಡಿಕೊಂಡ.

“ಯಾವ ಹಾಡದು?” ಎಂದ.

“ಯಾವುದು?”

“ಮೊದಲು ಬರ್ತಾ ಇತ್ತಲ್ಲ. ನನಗೆ ಕೇಳಿಸಿದ್ದು ಕೊನೇ ಸ್ವಲ್ಪ. ಡಂ ಡಂ ಅಂತ. ಯಾವುದು ಅಂತ ಗೊತ್ತಾಗ್ಲಿಲ್ಲ.”

ಅವಳು ನೆನಪಿಸಿಕೊಳ್ಳಲು ನೋಡಿದಳು. ಹಸಿರು ಅಂಕಿ ನೆನಪಿತ್ತು, ಓರೆಯಾದ ಅವನ ತಲೆ ನೆನಪಿತ್ತು. ಹಾಡು ಗಂಡಸಿನದೋ ಹೆಂಗಸಿನದೋ ಅದೂ ನೆನಪಿರಲಿಲ್ಲ. “ನಾನು ಗಮನಿಸಲಿಲ್ಲ ಕಣ್ರೀ. ನಿಮ್ಮನ್ನೇ ನೋಡ್ತಾ ಇದ್ದೆ.”

“ಹೋಗಿ ಕೇಳ್ಕೊಂಡು ಬಾ.”

“ಈಗಲಾ?”

“ಈಗಲೇ. ಆಮೇಲೆ ಅವನಿಗೂ ಮರೆತುಹೋಗುತ್ತೆ.”

ಬೇರೆ ಹೊತ್ತಾಗಿದ್ದರೆ ಅವಳು ಅವನಿಗೆ ಸರಿಯಾಗಿ ಮಂಗಳಾರತಿ ಮಾಡುತ್ತಿದ್ದಳು. ಈಗ ಕೈಚೀಲವನ್ನು ಅವನ ಪಕ್ಕದಲ್ಲಿಟ್ಟು, ರಸ್ತೆ ದಾಟಿ, ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಿದಳು. ಆಗ ಹಾಕಿದ್ದು ಯಾವ ಹಾಡು ಎಂದು ಕೇಳಿಯೇ ಬಿಟ್ಟಳು. ಅಂಗಡಿಯವನು ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟು, ಯೋಚಿಸಿ, ಹಾಡಿನ ಮೊದಲ ಸಾಲನ್ನು ಸಣ್ಣಗೆ ಗುನುಗಿ ತೋರಿಸಿದ.

ಅವಳು ಹಿಂತಿರುಗಿ ನೋಡಿದಳು. ಗಂಡ ಆಗಲೇ ರಸ್ತೆ ದಾಟಿ ಬಂದಿದ್ದ. ಒಳಗೆ ಬರದೆ, ಅಂಗಡಿಯ ಗಾಜಿಗೆ ಎರಡೂ ಅಂಗೈ ಊರಿ, ಅಂಗಡಿಯವನ ಬಾಯಿಯನ್ನೇ ನೋಡುತ್ತ ನಿಂತಿದ್ದ.