ಮಂಜಕ್ಕನ ಗಂಟಲ ಕುಳಿ

ಮತ್ತೆ ತಗ್ಗಿತು, ಮಂಜಕ್ಕನ ಗಂಟಲ ಕೆಳಗಿನ ಆ ಕುಳಿ, ಎಲೆಯಡಿಕೆ ರಸ ನುಂಗಿದ್ದಕ್ಕೆ ಅಷ್ಟೇ, ಹಾಡಿಗಲ್ಲ, ಆದರೂ ಕಚೇರಿಯ ಹೊರಗಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಲಕ್ಕಮ್ಮನ ಬಾಯಿ ತಾನಾಗಿ ಅರ್ಧ ತೆರೆದುಕೊಂಡಿತ್ತು, ಥೂ, ಎಂದು ಮುಚ್ಚಿಕೊಂಡಳು — ನಲವತ್ತು ವರ್ಷದ ಚಾಳಿ, ಆ ಕುಳಿ ಒಳಕ್ಕೆ ಹೋದರೆ ಉಸಿರು ತುಂಬಿತು, ಉಸಿರು ತುಂಬಿದರೆ ಹಾಡು ಬಂತು, ಮೊದಲ ಸಾಲು ಮಂಜಕ್ಕ ಎತ್ತುತ್ತಾಳೆ, ಎರಡನೆಯದನ್ನು ಲಕ್ಕಮ್ಮ ತೆಗೆದುಕೊಳ್ಳುತ್ತಾಳೆ, ಹಸೆಯ ಮುಂದೆ, ಅರಿಶಿನ ಕುಟ್ಟುವ ಒರಳಿನ ಮುಂದೆ, ದೊಡ್ಡೇರಿ ಸುತ್ತಿನ ಅದೆಷ್ಟು ಮದುವೆಗಳಲ್ಲಿ. ಈಗ ಆ ಕುಳಿಯ ಕೆಳಗೆ ಒಂದು ಕಾರ್ಡು ನೇತಾಡುತ್ತಿದೆ, ನೀಲಿ ದಾರ, ಒಳಗೆ ಮಂಜಕ್ಕನ ಫೋಟೋ, ಜಾನಪದ ಕಲಾವಿದೆ ಎಂದು ಅಚ್ಚು, ಹೋದ ವರ್ಷ ಅದು ಬಂದಾಗ ಲಕ್ಕಮ್ಮ ಮಗಳ ಕೈಲಿ ಎರಡು ಸಲ ಓದಿಸಿಕೊಂಡಿದ್ದಳು, ಎರಡು ಸಲವೂ ಅದೇ ಇತ್ತು. ಬೆಳಿಗ್ಗೆ ಮಧುಗಿರಿ ಬಸ್ಸಿನಲ್ಲಿ ಕಂಡಕ್ಟರು ಆ ಕಾರ್ಡು ನೋಡಿ, ಏನಮ್ಮ ಆರ್ಟಿಸ್ಟಾ ನೀವು, ಬನ್ನಿ ಮುಂದೆ ಕೂತ್ಕಳಿ, ಎಂದ, ಮಂಜಕ್ಕ ನಕ್ಕಳು, ಇವ್ಳೂ ನನ್ ಜೊತೆಯೋಳು ಕಣಪ್ಪ, ಎಂದಳು — ಜೊತೆಯೋಳು. ಕೈಚೀಲ ಒಂದು, ಛತ್ರಿ ಒಂದು, ಜೊತೆಯೋಳು ಒಬ್ಬಳು.

ಒಳಗೆ ಯಾರೋ ತಂಬೂರಿ ಮೀಟುತ್ತಿದ್ದಾರೆ, ತತ್ವಪದ, ಗಂಡಸಿನ ದನಿ, ಅವನಾದ ಮೇಲೆ ಇನ್ನೊಬ್ಬ, ಆಮೇಲೆ ಲಕ್ಕಮ್ಮ, ಒಬ್ಬೊಬ್ಬರೇ ಒಳಗೆ ಹೋಗಿ ಹಾಡಿ ತೋರಿಸಬೇಕು, ಸರಿ ಕಂಡರೆ ಕಾರ್ಡು. ಅರ್ಜಿಯಲ್ಲಿ ಕಸುಬು ಎಂಬ ಕಡೆ, ಬರೆದುಕೊಟ್ಟವನು ಅವಳನ್ನು ಕೇಳದೆಯೇ ಕೂಲಿ ಎಂದು ಬರೆದಿದ್ದ, ಸುಳ್ಳೇನಲ್ಲ, ಕಡಲೆಕಾಯಿ ಬಿಡಿಸೋಕೆ ಹೋಗ್ತಾಳೆ, ಮಂಜಕ್ಕನೂ ಹೋಗುತ್ತಿದ್ದಳಲ್ಲ, ಅದೇ ಸಾಲಲ್ಲಿ ಕುಕ್ಕರುಗಾಲಲ್ಲಿ ಕೂತು, ಆದರೆ ಮಂಜಕ್ಕನ ಅರ್ಜಿಯಲ್ಲಿ ಹಾಡುಗಾರ್ತಿ. ಹಾಡೋರು ಬಂದ್ರಾ, ಎಂದು ಮದುವೆ ಮನೆಯಲ್ಲಿ ಕೂಗಿದರೆ ಎಲ್ಲರ ಕತ್ತೂ ತಿರುಗುವುದು ಅವಳ ಕಡೆಗೇ, ಲಕ್ಕಮ್ಮ ಆಗ ಚಾಪೆ ಬಿಡಿಸುತ್ತಿರುತ್ತಾಳೆ, ಇಬ್ಬರಿಗೂ. ಹಾಡೋರು ಎಂದರೆ ತಾನೂ ಎಂದು ಎಷ್ಟು ವರ್ಷ ತಿಳಿದುಕೊಂಡಿದ್ದಳು ಪೆದ್ದಿ. ಮಗಳು ಕೊರಟಗೆರೆಗೆ ಮದುವೆಯಾಗಿ ಹೋದ ಹೊಸತರಲ್ಲಿ, ಊರೂರ್ ಮೇಲೆ ಹೋಗಿ ಹಾಡ್ಬ್ಯಾಡ ಕಣವ್ವ, ಇವ್ರು ಒಂಥರಾ ನೋಡ್ತಾರೆ, ಎಂದಿದ್ದಳು, ಆಯ್ತು ಎಂದು ಆ ಕಡೆಯ ಮದುವೆಗಳಿಗೆ ಲಕ್ಕಮ್ಮ ಹೋಗಲೇ ಇಲ್ಲ, ಮೂರು ವರ್ಷ, ಬಾಯಿ ಒಣಗಿಸಿಕೊಂಡು ಕೂತಳು — ಅದೇ ಅಳಿಯ, ಕಾರ್ಡು ಬಂದ ಮೇಲೆ ಮಂಜಕ್ಕನ ಮನೆಗೇ ಹೋಗಿ, ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಸ್ಟೇಟಸ್ಸಿಗೆ ಹಾಕಿದ, ನಮ್ಮ ಸೀಮೆಯ ಹೆಮ್ಮೆ ಎಂದು ಬರೆದಿದ್ದನಂತೆ, ಅತ್ತೆಗೂ ತೋರಿಸಿದ, ನೋಡಿ ಅತ್ತೆ, ನಿಮ್ ಮಂಜಕ್ಕ.

ಅದೆಲ್ಲ ಹೋಗಲಿ, ಹಿಪ್ಪೆ ಮರದ ಹಾಡು ಯಾರದು? ಲಕ್ಕಮ್ಮನ ಅವ್ವನದು. ರಾಗಿ ಕಲ್ಲಿನ ಮುಂದೆ ಅವ್ವ ಹಾಡುತ್ತಿದ್ದದ್ದು, ಕಲ್ಲಿನ ಗೂಟಕ್ಕೆ ಲಕ್ಕಮ್ಮನ ಪುಟ್ಟ ಕೈಯನ್ನೂ ಸೇರಿಸಿ ಸುತ್ತಿಸುತ್ತಾ, ಹಿಟ್ಟಿನ ಬೆಚ್ಚಗಿನ ವಾಸನೆ, ಅವ್ವನ ಬೆವರು — ಅದನ್ನು ಮಂಜಕ್ಕನಿಗೆ ಹೇಳಿಕೊಟ್ಟದ್ದು ಲಕ್ಕಮ್ಮನೇ, ಕಳೆ ಕೀಳುತ್ತಾ, ಒಂದೊಂದೇ ಸಾಲು, ನಿನ್ನ ಗಂಟ್ಲು ದೊಡ್ಡದು ಮಂಜಕ್ಕ, ನೀನೇ ಎತ್ತು, ನಾನು ತಗೋತೀನಿ. ತಾನೇ ಅಂದದ್ದು. ಯಾರೂ ಕಿತ್ತುಕೊಳ್ಳಲಿಲ್ಲ, ಕಿತ್ತುಕೊಂಡಿದ್ದರೆ ಬಯ್ಯಬಹುದಿತ್ತು. ಹೋದ ವರ್ಷ ಇದೇ ಕೋಣೆಯಲ್ಲಿ ಮಂಜಕ್ಕ ಹಾಡಿದ್ದು ಅದೇ ಹಾಡು, ಎರಡೂ ಸಾಲು ಒಬ್ಬಳೇ, ನೀನಿಲ್ದೆ ಬಿಕೋ ಅಂತು ಕಣೆ ಲಕ್ಕಿ, ಎಂದು ಬಂದು ಹೇಳಿದಳು, ಬಿಕೋ ಅಂದರೂ ಕಾರ್ಡು ಬಂತಲ್ಲ.

ಲಕ್ಕಮ್ಮ ಯಾರು, ಬನ್ನಿ, ಎಂದು ಒಳಗಿಂದ ಕೂಗಿದರು. ಮಂಜಕ್ಕ ಎಲೆಯಡಿಕೆ ಉಗುಳಿ ಎದ್ದಳು, ನಾನೂ ಬತ್ತೀನಿ ತಡಿ, ಎತ್ತಿಕೊಡ್ತೀನಿ, ಕೇಳುದ್ರೆ ಬುಡ್ತಾರೆ. ಬ್ಯಾಡ, ನೀನ್ ಇಲ್ಲೇ ಕುಂತ್ಕ. ಯಾಕ್ಲೇ, ಎದ್ರುಕೊಂಡ್‌ಬುಟ್ರೆ? ನಮ್ಮವ್ವನ್ ಹಾಡಿಗೆ ನಾನ್ಯಾಕೆ ಎದ್ರುಕೊಳ್ಳಲಿ ಮಂಜಕ್ಕ — ನಮ್ಮವ್ವನ್ ಎನ್ನುವುದನ್ನು ಅಷ್ಟು ಒತ್ತಿ ಹೇಳಬೇಕೆಂದಿರಲಿಲ್ಲ, ಹೇಳಿಯಾಯಿತು, ಮಂಜಕ್ಕ ನಿಧಾನಕ್ಕೆ ಕೂತಳು, ಕಾರ್ಡನ್ನು ಸೆರಗಿನೊಳಕ್ಕೆ ಸರಿಸಿಕೊಂಡಳು, ಅದನ್ನು ನೋಡಿ ಲಕ್ಕಮ್ಮನಿಗೆ ಎದೆ ತಣ್ಣಗಾಯಿತು, ಹಾಗೆ ತಣ್ಣಗಾದದ್ದಕ್ಕೆ ನಾಚಿಕೆಯೂ ಆಯಿತು.

ಮೇಜಿನ ಹಿಂದೆ ಹಾಡು ಕೇಳಿ ಆರಿಸುವ ಪರ್ವತಯ್ಯ ಮೇಷ್ಟ್ರು, ಕನ್ನಡಕ, ಪಕ್ಕದಲ್ಲಿ ಮೊಬೈಲು ಹಿಡಿದ ಹುಡುಗಿ, ಕಿಟಕಿಯಾಚೆ ಬೆಟ್ಟ, ಬೋಳು ಬಂಡೆ. ಯಾವ ಹಾಡು ತಾಯಿ, ಹಿಪ್ಪೆ ಮರದ್ದು ಸಾಮಿ, ಶುರು ಮಾಡಿ. ಶುರು. ಲಕ್ಕಮ್ಮ ಕಾದಳು, ಎಡಕ್ಕೆ ಕಣ್ಣು ಹೊರಳಿಸಿದಳು, ಎಡಕ್ಕೆ ಯಾರೂ ಇಲ್ಲ, ಆಮೇಲೆ ದನಿ ಬಂತು, ಚೆನ್ನಾಗಿಯೇ ಬಂತು, ತನ್ನದೇ ದನಿ, ತಿರುಗೀ ನೋಡ್ಯಾಳೆ ತವರೀಗೆ. ಹುಡುಗಿ ತಲೆಯೆತ್ತಿ ನೋಡಿದಳು. ಒಳ್ಳೇ ಶಾರೀರ ತಾಯಿ, ಎಂದರು ಮೇಷ್ಟ್ರು, ಆದರೆ ಇದು ಅರ್ಧದಿಂದ ಬಂತಲ್ಲ, ಮೊದಲಿಂದ ಬರಲಿ. ಮೊದಲಿಂದ, ಅದೇನು ಗೊತ್ತಿಲ್ಲವೇ, ತಾನೇ ಕಲಿಸಿದ್ದು, ಹಿಪ್ಪೆಯ ಮರದಡಿ ಇಳಿಸ್ಯಾಳೆ ಬುತ್ತೀಯ, ಎಂದಳು, ಅಂದಳು ಅಷ್ಟೇ, ಅಂಗಡಿಯಲ್ಲಿ ಉಪ್ಪು ಕೇಳಿದ ಹಾಗೆ. ಹಾಡಿ ತಾಯಿ. ಹಾಡಬೇಕು, ಎಲ್ಲಿಂದ, ಎಷ್ಟು ಎತ್ತರದಿಂದ, ಅವ್ವ ಎಲ್ಲಿಂದ ಎತ್ತುತ್ತಿದ್ದಳು, ಕಲ್ಲು ತಿರುಗುತ್ತದೆ, ಅವ್ವನ ಬಾಯಿ ಆಡುತ್ತದೆ, ಆದರೆ ಬರುವ ದನಿ ಮಂಜಕ್ಕನದು, ಅಲ್ಲಿಗೂ ಬಂದು ಕೂತಿದ್ದಾಳೆ ಅವಳು — ಅವ್ವನ ದನಿ ಹೇಗಿತ್ತು, ಅವ್ವಾ — ತಿರುಗೀ ನೋಡ್ಯಾಳೆ, ಮತ್ತೆ ಅದೇ, ನಾಲಿಗೆಗೆ ಬರುವುದೇ ಅದು, ಹುಡುಗಿ ಮೊಬೈಲನ್ನು ತಿರುಗಿಸಿ ಸಮಯ ನೋಡಿದಳು, ಗಾಬರಿಯಾಗಬೇಡಿ ತಾಯಿ, ನೀರು ಬೇಕಾ, ಬೇಡ.

ಕಿಟಕಿಯ ಸರಳಿಗೆ ಒಂದು ಕೈ ಬಂತು, ಮಂಜಕ್ಕ, ಬೆಂಚಿನಿಂದ ಎದ್ದು ಬಂದಿದ್ದಾಳೆ, ಬಾಯಿ ಖಾಲಿ, ಕೆಂಪು ತುಟಿ, ಇನ್ನೊಂದು ಕೈ ಕಿವಿಯ ಮೇಲೆ, ಅವಳೊಬ್ಬಳು ಎತ್ತಿದರೆ ಸಾಕು, ಉಳಿದದ್ದು ಬಂದೇ ಬರುತ್ತದೆ, ಪೂರ್ತಿ ಬರುತ್ತದೆ, ಕಾರ್ಡೂ ಬಂದೀತು, ಹೋಗು, ಬೇಡ ಮಂಜಕ್ಕ, ಎತ್ತಬೇಡ, ಎತ್ತು — ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕುತ್ತಿದ್ದಾರೆ, ಸರಳುಗಳ ನಡುವೆ ನೀಲಿ ದಾರ, ದಾರದ ನಡುವೆ ಆ ಕುಳಿ, ಒಳಕ್ಕೆ ಹೋಯಿತು, ಉಸಿರು ತುಂಬಿತು, ಲಕ್ಕಮ್ಮನ ಒಪ್ಪಿಗೆಗೆ ಕಾದ ಹಾಗೆ ಕುಳಿ ತಗ್ಗಿದೆ, ತಗ್ಗಿಯೇ ಇದೆ,