ಮುಚ್ಚಳದ ಮೇಲಿನ ತಾರೀಖು

ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ಚೀಟಿಗೆ ಮಾತ್ರ. ಉಳಿದವರಿಗೆಲ್ಲ ಅವಳು ಬೀಗದಕ್ಕ. ಇಪ್ಪತ್ತೆರಡು ವರ್ಷದಿಂದ ಸ್ಟೋರಿನ ಬೀಗದ ಕೈ ಗೊಂಚಲು ಅವಳ ಸೊಂಟ ಬಿಟ್ಟು ಇಳಿದಿರಲಿಲ್ಲ. ಅಲ್ಲಿ ತಯಾರಾಗುತ್ತಿದ್ದುದು ಲೈಫ್ ಜಾಕೆಟ್. ಒಳಗಿನ ಗಾಳಿಚೀಲದ ಅಂಚುಗಳನ್ನು ಅಂಟು ಹಾಕಿ ಕೂಡಿಸುತ್ತಾರೆ. ಆ ಅಂಟಿಗೊಂದು ಆಯುಸ್ಸಿದೆ. ಆಯುಸ್ಸು ಮುಗಿದ ಅಂಟು ನೋಡಲು ಹೊಸದರ ಹಾಗೇ ಇರುತ್ತದೆ, ಬೆರಳಿಗೂ ಅಂಟುತ್ತದೆ, ನೀರಿಗೆ ಬಿದ್ದ ಮೇಲೆ ಕೈ ಕೊಡುತ್ತದೆ.

ಅದಕ್ಕೇ ಬೀಗದಕ್ಕ ಡಬ್ಬಿ ಬಂದ ತಕ್ಷಣ ಅದರ ಅವಧಿಯನ್ನು ಮುಚ್ಚಳದ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆಯುತ್ತಿದ್ದಳು. ಲೇಬಲ್ಲಿನಲ್ಲಿ ಇರುವುದನ್ನೆಲ್ಲ ರಿಜಿಸ್ಟರಿಗೂ ಇಳಿಸುತ್ತಿದ್ದಳು. ಓದಲು ಬಾರದ್ದನ್ನು ಚಿತ್ರ ಬಿಡಿಸಿಯಾದರೂ ಇಟ್ಟುಕೋ ಎಂದು ಕೆಲಸ ಕಲಿಸಿದ ಹಳೇ ಸ್ಟೋರಿನವರು ಹೇಳಿದ್ದರು. ಅವರು ಹೋಗಿ ಎಷ್ಟೋ ವರ್ಷವಾಯಿತು, ಆ ಮಾತು ಮಾತ್ರ ಅವಳು ಬಿಟ್ಟಿರಲಿಲ್ಲ.

ಆ ವರ್ಷ ಮಾಲು ಕೊಳ್ಳುವ ಜಪಾನಿನ ಕಂಪನಿ ತನ್ನದೇ ಅಂಟು ಕಳಿಸಿತು. ನಲವತ್ತು ಡಬ್ಬಿ. ಲೇಬಲ್ಲಿನಲ್ಲಿ ಅವಧಿ ಬರೆಯುವ ಜಾಗದಲ್ಲಿ ಎರಡು ಚಿತ್ರದಂಥ ಅಕ್ಷರ, ಅದರ ಮುಂದೆ 7.11.28. ಹೊಸದಾಗಿ ಬಂದಿದ್ದ ಮ್ಯಾನೇಜರ್ ಒಮ್ಮೆ ಕಣ್ಣಾಡಿಸಿ, ಏಳನೇ ತಾರೀಖು, ನವೆಂಬರ್, ಇಪ್ಪತ್ತೆಂಟನೇ ಇಸವಿ, ಇನ್ನೂ ಬೇಕಾದಷ್ಟು ಕಾಲವಿದೆ ಎಂದು ತೀರ್ಪು ಕೊಟ್ಟ. ಜಪಾನಿ ಲೇಬಲ್ ಯಾರಿಗೂ ಅರ್ಥವಾಗುವುದಿಲ್ಲವೆಂದು ಅದರ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿದ. ಅಷ್ಟರೊಳಗೆ ಬೀಗದಕ್ಕ ಆ ಲೇಬಲ್ಲನ್ನು ಇದ್ದ ಹಾಗೇ ರಿಜಿಸ್ಟರಿನಲ್ಲಿ ಬಿಡಿಸಿಕೊಂಡಾಗಿತ್ತು, ಮುಚ್ಚಳ ಮಾತ್ರ ಖಾಲಿ ಬಿಟ್ಟಿದ್ದಳು.

ಅದೇ ದಿನ ಚಹಾದ ಹೊತ್ತಿನಲ್ಲಿ, ಎಲ್ಲರ ಎದುರಿಗೆ, ಮ್ಯಾನೇಜರ್ ಇನ್ನೊಂದು ತೀರ್ಪನ್ನೂ ಕೊಟ್ಟ. ಇನ್ನು ಮುಂದೆ ಸ್ಟೋರಿಗೆ ಜಪಾನಿ ಮಾಲು ಬರುತ್ತದೆ, ಓದಿದವರು ಬೇಕು, ಹೊಸ ವರ್ಷದಿಂದ ಕೀ ತನ್ನ ಬಾಮೈದನಿಗೆ.

"ಈ ವಯಸ್ಸಲ್ಲಿ ನಿಮಗ್ಯಾಕಕ್ಕ ಈ ತಲೆನೋವು? ಜಾಕೆಟ್ ಮಡಚೋ ಕಡೆ ಕೂತ್ಕೊಳ್ಳಿ. ಅಲ್ಲಿ ಫ್ಯಾನೂ ಇದೆ."

ಬಾಮೈದನಿಗೆ ಎಷ್ಟು ಜಪಾನಿ ಬರುತ್ತಿತ್ತು ಎಂದು ಕೇಳಬೇಡಿ. ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು ಭಾವನ ಮನೆಯ ದಾರಿ.

ಮನೆಗೆ ಬಂದವಳು ಚಪ್ಪಲಿ ಬಿಟ್ಟ ಸದ್ದಿನಲ್ಲೇ ಅತ್ತೆಗೆ ವಿಷಯ ಗೊತ್ತಾಯಿತು. ಅತ್ತೆಗೆ ಕಣ್ಣು ಮಂಜಾಗಿ ಆರು ವರ್ಷ, ಕಿವಿ ಮಾತ್ರ ಮೊದಲಿಗಿಂತ ಚುರುಕು. ಅತ್ತೆ ಸೊಸೆ ಇಬ್ಬರದೂ ಮೊದಲಿಂದ ಎಣ್ಣೆ ಸೀಗೆಕಾಯಿ. ಆದರೆ ಮನೆಯ ಸೊಸೆಯನ್ನು ಬೈಯುವ ಹಕ್ಕು ತನ್ನೊಬ್ಬಳದೇ ಎಂಬುದು ಮುದುಕಿಯ ಕಾನೂನು. ಬೀಗದಕ್ಕ ನಡೆದದ್ದನ್ನೆಲ್ಲ ಹೇಳಿದಳು. ತನಗೆ ಹೊಟ್ಟೆ ಉರಿಯುತ್ತಿದೆ, ಅಳುವೂ ಬರುತ್ತಿದೆ, ಎರಡರಲ್ಲಿ ಯಾವುದು ಮೊದಲು ಮಾಡಲಿ ತಿಳಿಯುತ್ತಿಲ್ಲ ಎಂದಳು.

"ಎರಡೂ ಬೇಡ, ಕಲಿ," ಎಂದಳು ಅತ್ತೆ. "ಅವನೇನು ತಾಯಿ ಹೊಟ್ಟೇಲೇ ಕಲ್ತು ಬಂದಿದಾನಾ?"

ಎಲ್ಲ ಜಪಾನಿ ಬೇಡ, ತಾರೀಖು ಸಾಕು ಎಂದು ಇಬ್ಬರೂ ಗೊತ್ತು ಮಾಡಿಕೊಂಡರು. ದಿನಾ ಬೆಳಿಗ್ಗೆ ತರಕಾರಿ ಹೆಚ್ಚುತ್ತ ಫೋನಿನೊಳಗಿನ ಟೀಚರಮ್ಮನ ಪಾಠ. ತಿಂಗಳುಗಳು ಸಲೀಸು, ಅಂಕಿ ಹೇಳಿ ಹಿಂದೆ ಗಾತ್ಸು ಸೇರಿಸಿದರೆ ಆಯಿತು. ದಿನಗಳಿಗೆ ಬಂದಾಗ ಬೀಗದಕ್ಕ ಸೌತೆಕಾಯಿ ಸಮೇತ ಚಾಕು ಕೆಳಗಿಟ್ಟಳು. ಮೊದಲ ಹತ್ತು ದಿನ ಒಂದೊಂದಕ್ಕೂ ಬೇರೆ ಹೆಸರು. ಒಂದನೇ ತಾರೀಖು ತ್ಸುಯಿತಾಚಿ, ಎರಡು ಫುತ್ಸುಕಾ, ನಾಲ್ಕು ಯೊಕ್ಕಾ, ಎಂಟು ಯೋಕಾ. ಅಂಕಿ ಇರುವಾಗ ಈ ಕಾಟವೇಕೆ ಎಂದು ಫೋನಿನ ಮೇಲೆ ರೇಗಿದಳು.

"ಮನೆಗೆ ಎರಡು ಜನ ಬಂದ್ರೆ ನೀನು ಎರಡು ಬಂತು ಅಂತೀಯೇನೇ?" ಎಂದಳು ಅತ್ತೆ. "ಇಬ್ಬರು ಬಂದ್ರು ಅಂತೀಯ. ಮೂವರು, ನಾಲ್ವರು, ಐವರು. ಆರಾದ್ರೆ ಸಾಕಾಗಿ ಆರು ಜನ ಅಂತ ಎಣಿಸಿಬಿಡ್ತೀಯ. ಅವರೂ ಹಾಗೇ ಮಾಡಿದಾರೆ."

ಅಲ್ಲಿಂದ ಗಂಟು ಬಿಚ್ಚಿಕೊಂಡಿತು. ಹದಿನಾಲ್ಕು, ಇಪ್ಪತ್ತು, ಇಪ್ಪತ್ತನಾಲ್ಕು ನಡುವೆ ಮತ್ತೆ ತಲೆಹರಟೆ ಮಾಡಿದವು, ಅವನ್ನೂ ಬಗ್ಗಿಸಿದಳು. ಅವಳು ಯೊಕ್ಕಾ ಎನ್ನುವಲ್ಲಿ ಯೋಕಾ ಎಂದರೆ ಮುದುಕಿ ಮಂಚಕ್ಕೆ ಕೋಲು ಬಡಿಯುತ್ತಿದ್ದಳು. ಬರೆಯುವುದಕ್ಕೆ ಹಳೇ ಗೇಟ್ ಪಾಸುಗಳ ಬೆನ್ನು. ದಿನದ ಅಕ್ಷರ ನಡುವೆ ಅಡ್ಡಪಟ್ಟಿ ಇರುವ ಕಿಟಕಿಯಂತೆ ಇತ್ತು. ತಿಂಗಳಿನ ಅಕ್ಷರವೇ ಅವರಿಗೆ ಚಂದ್ರನೂ ಹೌದು ಎಂದು ಟೀಚರಮ್ಮ ಹೇಳಿದಾಗ, ನಮ್ಮ ತಿಂಗಳೂ ಚಂದ್ರನೇ ತಾನೇ, ಇದರಲ್ಲೇನು ದೊಡ್ಡ ವಿಶೇಷ ಎಂದಳು ಅತ್ತೆ.

ವರ್ಷದ ಪಾಠ ಕೊನೆಯದು. ಅವರು ವರ್ಷವನ್ನು ಮೊದಲು ಬರೆಯುತ್ತಾರೆ, ಆಮೇಲೆ ತಿಂಗಳು, ಕೊನೆಗೆ ದಿನ. ನಾವು ಬರೆಯುವ ಇಸವಿಯ ಜೊತೆಗೆ ಅವರಿಗೆ ಇನ್ನೊಂದು ಎಣಿಕೆಯೂ ಇದೆ. ಹೊಸ ರಾಜ ಪಟ್ಟಕ್ಕೆ ಬಂದರೆ ಮತ್ತೆ ಒಂದರಿಂದ ಶುರು. ಈಗ ನಡೆಯುತ್ತಿರುವುದು ಏಳನೇ ವರ್ಷ, ಆ ಕಾಲಕ್ಕೆ ರೇವಾ ಎಂದು ಹೆಸರು, ಬರೆಯುವುದು ಹೀಗೆ ಎಂದು ಟೀಚರಮ್ಮ ಎರಡು ಅಕ್ಷರ ತೋರಿಸಿದಳು. ಆ ಎರಡನ್ನೂ ಬೀಗದಕ್ಕ ತನ್ನ ಕೈಯಾರೆ ಬಿಡಿಸಿದ್ದಳು.

ಅಂದು ಡಿಸೆಂಬರ್ ಮೂರು. ಕಾರ್ಖಾನೆಗೆ ಹೋದವಳೇ ರಿಜಿಸ್ಟರ್ ತೆರೆದಳು. ಅವೇ ಅಕ್ಷರ, ಮುಂದೆ 7.11.28. ಏಳು ಎಂದರೆ ಇದೇ ವರ್ಷ, ಇಪ್ಪತ್ತೆಂಟು ಎಂದರೆ ದಿನ. ಅಂಟಿನ ಆಯುಸ್ಸು ಮುಗಿದು ಐದು ದಿನವಾಗಿತ್ತು.

ಸಂಜೆ ಮ್ಯಾನೇಜರ್ ಬಂದು, ಬೆಳಿಗ್ಗೆ ಜಪಾನಿನ ಇನ್ಸ್‌ಪೆಕ್ಟರ್ ಬರುತ್ತಾರೆ, ಅಷ್ಟರಲ್ಲಿ ನಲವತ್ತೂ ಡಬ್ಬಿ ಮೇಜಿನ ಮೇಲಿರಬೇಕು ಎಂದ. ಅವಳು ಕೊಡುವುದಿಲ್ಲ ಎಂದಳು. ರಿಜಿಸ್ಟರ್ ತೋರಿಸಿದಳು, ಫೋನಿನಲ್ಲಿ ಮೂರು ವಾರ ಕಲಿತದ್ದನ್ನು ಬಿಡಿಸಿ ಹೇಳಿದಳು. ಅವನು ನಕ್ಕ.

"ಫೋನ್ ನೋಡಿ ಮೂರು ವಾರಕ್ಕೆ ಪಂಡಿತರಾಗಿಬಿಟ್ರಾ?"

"ತಾರೀಖಿಗೆ ಪಂಡಿತರು ಬೇಕಾಗಿಲ್ಲ ಸಾರ್. ಈ ಜಾಕೆಟ್ ಹಾಕ್ಕೊಂಡು ನೀರಿಗೆ ಬೀಳೋದು ನೀವಲ್ಲ, ನಾನೂ ಅಲ್ಲ. ಅವಧಿ ಮುಗಿದಿದ್ದು ಗೊತ್ತಿದ್ದೂ ಕೊಡಿಸ್ತಿದೀನಿ ಅಂತ ಇಲ್ಲಿ ಬರೆದು ಸಹಿ ಹಾಕಿ. ಈಗಲೇ ಕೊಡ್ತೀನಿ."

ಅವನು ಸಹಿ ಹಾಕಲಿಲ್ಲ, ಕೈ ಚಾಚಿ ಕೀ ಕೇಳಿದ. ಹೊಸ ವರ್ಷದವರೆಗೆ ಕಾಯುವುದು ಬೇಡ, ನಾಳೆಯಿಂದಲೇ ಮಡಚುವ ಕಡೆಗೆ ಎಂದ. ಕೀ ಕೈ ಬದಲಾಗುವ ಮುಂಚೆ ಸರಕು ಎಣಿಸಿ ಒಪ್ಪಿಸುವುದು ಅಲ್ಲಿನ ಪದ್ಧತಿ. ಎಣಿಸುತ್ತೇನೆ, ಅರ್ಧ ಗಂಟೆ ಕೊಡಿ ಎಂದು ಅವಳು ಒಳಗೆ ಹೋದಳು.

ಮಾರ್ಕರ್ ತೆಗೆದು ಒಂದೊಂದೇ ಮುಚ್ಚಳದ ಮೇಲೆ ಬರೆಯುತ್ತ ಹೋದಳು: ರೇವಾ ಏಳನೇ ವರ್ಷ, ಹನ್ನೊಂದನೇ ತಿಂಗಳು, ಇಪ್ಪತ್ತೆಂಟನೇ ದಿನ. ಎಲ್ಲವೂ ಜಪಾನಿನ ಅಕ್ಷರದಲ್ಲಿ, ಮುಚ್ಚಳ ತುಂಬುವಷ್ಟು ದೊಡ್ಡದಾಗಿ. ನಮ್ಮ ಅಕ್ಷರದಲ್ಲಿ ಬರೆದಿದ್ದರೆ ಮ್ಯಾನೇಜರ್ ಅಳಿಸಿಹಾಕುತ್ತಿದ್ದ. ಕೀ ತೆಗೆದುಕೊಳ್ಳಲು ಬಂದವನು ಮುಚ್ಚಳಗಳನ್ನು ನೋಡಿ, ಇನ್ಸ್‌ಪೆಕ್ಟರಿಗೆ ಖುಷಿಯಾಗಲಿ ಎಂದು ಅಲಂಕಾರ ಮಾಡಿದ್ದೀರೋ ಎಂದು ಕೇಳಿದ. ಹೌದು ಸಾರ್ ಎಂದಳು. ಬರಿದಾದ ಸೊಂಟ ಹೊತ್ತು ಮನೆಗೆ ನಡೆದಳು.

ಮರುದಿನ ಮಡಚುವ ಮೇಜಿನ ಹಿಂದೆ ಕೂತು ಅರ್ಧಗೋಡೆಯ ಆಚೆ ಕಣ್ಣಿಟ್ಟಿದ್ದಳು. ಇನ್ಸ್‌ಪೆಕ್ಟರ್ ಗಿಡ್ಡ ಮನುಷ್ಯ, ಮಾತು ಕಡಿಮೆ. ಇನ್ನೇನು ಮೊದಲ ಡಬ್ಬಿಯ ಮುಚ್ಚಳ ತೆಗೆಯಬೇಕು, ಅವರು ಕೈ ಅಡ್ಡ ಹಿಡಿದರು. ಓದಿದರು. ಎರಡನೆಯದನ್ನು ಓದಿದರು. ಉಗುರಿನಿಂದ ಬಿಳಿ ಸ್ಟಿಕ್ಕರ್ ಎಬ್ಬಿಸಿ ಕೆಳಗಿನ ಲೇಬಲ್ ನೋಡಿದರು. ಆಮೇಲೆ ಮ್ಯಾನೇಜರನ ಮುಖ ನೋಡಿದರು. ಮ್ಯಾನೇಜರ್ ಕರ್ಚೀಫು ಹುಡುಕತೊಡಗಿದ.

ನಲವತ್ತೂ ಡಬ್ಬಿ ಪಕ್ಕಕ್ಕೆ ಹೋದವು. ಬರೆದವರು ಯಾರು ಎಂದು ಇನ್ಸ್‌ಪೆಕ್ಟರ್ ಕೇಳಿದಾಗ ಹತ್ತು ಬೆರಳು ಅರ್ಧಗೋಡೆಯ ಕಡೆ ತೋರಿಸಿದವು. ಅವರು ಬಂದು ಅವಳಿಗೆ ತಲೆಬಾಗಿ ಏನೋ ಹೇಳಿದರು. ಉಪಕಾರವಾಯಿತು ಅನ್ನುತ್ತಿದ್ದಾರೆ, ವರ್ಷದ ಅಕ್ಷರದಲ್ಲಿ ಒಂದು ಗೆರೆ ಗಿಡ್ಡವಾಗಿದೆಯಂತೆ ಎಂದ ಜೊತೆಗಿದ್ದ ದುಭಾಷಿ. ಗೆರೆ ನಾಳೆ ಉದ್ದ ಮಾಡೋಣ, ಅಂಟು ಹಳತು ಅಂತ ಗೊತ್ತಾಯ್ತಲ್ಲ ಎಂದಳು ಬೀಗದಕ್ಕ.

ಮಧ್ಯಾಹ್ನ ಮ್ಯಾನೇಜರ್ ಕೀ ಗೊಂಚಲು ಹಿಡಿದು ಮೇಜಿನ ಮುಂದೆ ನಿಂತ. ಅವಳು ಕೈಯಲ್ಲಿದ್ದ ಜಾಕೆಟ್ ಪೂರ್ತಿ ಮಡಚಿದಳು, ಇನ್ನೊಂದನ್ನು ಎತ್ತಿಕೊಂಡು ಅದನ್ನೂ ಮಡಚಿದಳು. ಆಮೇಲೆ ಎದ್ದು ಅವನನ್ನು ಸ್ಟೋರಿಗೆ ಕರೆದುಕೊಂಡು ಹೋದಳು. ಕೀ ವಾಪಸ್ಸು ಬಂದದ್ದಕ್ಕೆ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದು, ಸಹಿ ಹಾಕಿ ಎಂದು ಅವನ ಮುಂದೆ ಸರಿಸಿದಳು. ಅವನು ಪೆನ್ನು ಹಿಡಿದು ಬಹಳ ಹೊತ್ತು ಆ ಸಾಲನ್ನೇ ನೋಡಿದ.

"ಏನು ಬರೆದಿದೀರ ಇಲ್ಲಿ?"

"ಇವತ್ತಿನ ತಾರೀಖು ಸಾರ್," ಎಂದು ಬೀಗದಕ್ಕ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಓದೋಕೆ ಬರದಿದ್ರೆ ಚಿತ್ರ ಬಿಡಿಸ್ಕೊಂಡು ಹೋಗಿ."