ಲೋಟದೊಳಗಿನ ನಾಣ್ಯ

ಸೊಸೆ ಆ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಈ ನಾಲ್ಕು ವರ್ಷದಲ್ಲಿ ಮಾವನ ಬಾಯಿಂದ ಒಂದು ಒಳ್ಳೆಯ ಮಾತು ಬಿದ್ದದ್ದು ಅವಳಿಗೆ ನೆನಪಿಲ್ಲ. ಲಾರಿ ಓಡಿಸುವ ಗಂಡ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನವೆಲ್ಲ ಅವಳಿಗೆ ಮಾವ, ಮಾವನ ಮಾಂಸದಂಗಡಿ, ಮಾವನ ಬೈಗುಳ.

ಊರಿನವರು ಮಾವನನ್ನು ಮೂಗಿನ ಮೇಷ್ಟ್ರು ಎಂದು ಕರೆಯುತ್ತಿದ್ದರು. ಬಾಗಿಲಲ್ಲಿ ನಿಂತೇ, ಒಳಗೆ ತೂಗುಹಾಕಿದ ತೊಡೆ ಇವತ್ತಿನದೋ ನಿನ್ನೆಯದೋ ಹೇಳಿಬಿಡುವ ಮೂಗು ಅದು. ಅನುಮಾನ ಬಂದರೆ ಬೇರೆ ಅಂಗಡಿಯವರೂ ತಟ್ಟೆಯಲ್ಲಿ ಒಂದು ತುಂಡು ಹಿಡಿದುಕೊಂಡು ಬರುತ್ತಿದ್ದರು. ಮೇಷ್ಟ್ರು ಬಗ್ಗಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು, "ಆಗುತ್ತೆ" ಎನ್ನುತ್ತಿದ್ದರು, ಇಲ್ಲವೇ "ಎಸಿ" ಎನ್ನುತ್ತಿದ್ದರು. ಅದರ ಮೇಲೆ ಮಾತಿಲ್ಲ.

ಎರಡು ವರ್ಷದ ಹಿಂದೆ ಮಾವನಿಗೆ ಒಂದು ಜ್ವರ ಬಂತು. ಹೋಗುವಾಗ ಆ ಮೂಗನ್ನೂ ಕೊಂಡುಹೋಯಿತು. ಒಲೆಯ ಮೇಲೆ ಹಾಲು ಸೀದರೂ ಗೊತ್ತಾಗದು, ನೆಲಕ್ಕೆ ಫಿನಾಯಿಲ್ ಸುರಿದರೂ ಗೊತ್ತಾಗದು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ, ಅನ್ನ ತಿನ್ನುತ್ತಿದ್ದದ್ದೇ ಆ ಮೂಗಿನಿಂದ! ಬಗ್ಗುವುದನ್ನೂ ಕಣ್ಣು ಮುಚ್ಚುವುದನ್ನೂ ಬಿಡದೆ ನಡೆಸಿಕೊಂಡು ಬಂದರು. ತಾಜಾ ಮಾಂಸವನ್ನು ಬಣ್ಣ ನೋಡಿ, ಬೆರಳಲ್ಲಿ ಒತ್ತಿ ನಿಭಾಯಿಸಿದರು. ಫ್ರೀಜರಿನ ಮಾಂಸಕ್ಕೆ ಒಂದು ಉಪಾಯ ಮಾಡಿಕೊಂಡರು.

ಸ್ಟೀಲಿನ ಲೋಟದ ತುಂಬ ನೀರು ಹಾಕಿ ಗಟ್ಟಿಯಾಗಿಸಿ, ಆ ಐಸಿನ ಮೇಲೆ ಒಂದು ನಾಣ್ಯ ಇಟ್ಟು, ಫ್ರೀಜರಿನ ಮೂಲೆಯಲ್ಲಿ ನಿಲ್ಲಿಸಿದರು. ಕರೆಂಟು ಬಹಳ ಹೊತ್ತು ಹೋದರೆ ಐಸು ಕರಗುತ್ತದೆ, ನಾಣ್ಯ ತಳ ಸೇರುತ್ತದೆ. ಕರೆಂಟು ಬಂದ ಮೇಲೆ ನೀರು ಮತ್ತೆ ಗಟ್ಟಿಯಾಗಬಹುದು, ಮಾಂಸವೂ ಕಲ್ಲಿನಂತಾಗಬಹುದು. ಆದರೆ ತಳ ಸೇರಿದ ನಾಣ್ಯ ಮೇಲೆ ಬರುವುದಿಲ್ಲ. ನಾಣ್ಯ ಮೇಲಿದ್ದರೆ ಮಾಂಸ ಆಗುತ್ತದೆ, ಕೆಳಗಿದ್ದರೆ ಎಸೆಯಬೇಕು. ಸೊಸೆಗೆ ಇದನ್ನು ಯಾರೂ ಹೇಳಲಿಲ್ಲ. ಒಮ್ಮೆ ಕೇಳಿದ್ದಳು. "ನಿನ್ನ ಕೆಲಸ ನೋಡು. ಅದು ಅಲ್ಲೇ, ಹಾಗೇ ಇರಬೇಕು, ಅಷ್ಟೇ," ಎಂದಿದ್ದರು.

ಅವಳ ಕೆಲಸ ಕಟ್ಟುವುದು. ಇಡೀ ತೊಡೆ, ಭುಜ, ಪಕ್ಕೆಲುಬಿನ ಹಲಗೆ, ಎಲ್ಲವನ್ನೂ ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಬೇಕು. ಮೂಳೆಯ ತುದಿ ಪ್ಲಾಸ್ಟಿಕ್ಕನ್ನು ಚುಚ್ಚದ ಹಾಗೆ ಅದಕ್ಕೊಂದು ಕಾಗದದ ಟೋಪಿ ಹಾಕಬೇಕು. ಅಂಗೈಯಿಂದ ಒತ್ತೊತ್ತಿ ಗಾಳಿ ಹೊರಡಿಸುತ್ತ ಎರಡು ಸುತ್ತು ಸುತ್ತಬೇಕು. ಪಟ್ಟಿ ಅಂಟಿಸಿ ತಾರೀಕು, ತೂಕ ಬರೆಯಬೇಕು. ಮೊದಲ ದಿನ ಒಂದರ ಮೇಲೊಂದು ಪೇರಿಸದೆ ಬಿಡಿಬಿಡಿಯಾಗಿ ಗಟ್ಟಿಯಾಗಲು ಬಿಡಬೇಕು. ಮಾವ ಪ್ರತಿ ಪೊಟ್ಟಣವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇದೇನಿದು, ಬಲೂನಾ? ಗಾಳಿ ತುಂಬಿ ಮಾರೋಕೆ ಕೂತಿದೀಯಾ?"

ಒಮ್ಮೆ ಒಂದು ಪೊಟ್ಟಣ ಸೋರಿ, ಕೆಳಗೆ ಕೆಂಪು ಐಸು ಕಟ್ಟಿತ್ತು. ಆ ದಿನ ಗಿರಾಕಿಗಳ ಎದುರಿಗೇ ಅವಳ ಮಾನ ಹರಾಜಾಗಿತ್ತು. ಅದನ್ನು ಅವಳು ಮರೆತಿರಲಿಲ್ಲ.

ಆ ಬೇಸಿಗೆಯಲ್ಲಿ ಮಾವನ ಅಕ್ಕ ಬೇರೆ ಊರಿನಲ್ಲಿ ಆಸ್ಪತ್ರೆ ಸೇರಿದರು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಮಾವ ಅಂಗಡಿಗೆ ಬೀಗ ಹಾಕಿ ಸೊಸೆಯನ್ನೂ ಕರೆದುಕೊಂಡು ಹೊರಟರು. ಏಳು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದು, ಕಡ್ಡಿಯಂತಾದ ಮುದುಕಿಯನ್ನು ಮನೆಗೆ ಕರೆತಂದರು. ಹೊಟ್ಟೆಗೆ ಚೆನ್ನಾಗಿ ಕೊಡಿ, ಮೈಯಲ್ಲಿ ಶಕ್ತಿಯೇ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಬಂದ ಕೂಡಲೇ ಅಂಗಡಿ ಗುಡಿಸಲು ಹೋದವಳು ಸೊಸೆ. ಫ್ರೀಜರು ಎಂದಿನಂತೆ ಗುಂಯ್‌ಗುಡುತ್ತಿತ್ತು. ಮುಚ್ಚಳ ಎತ್ತಿದಳು. ಪೊಟ್ಟಣಗಳು ಕಲ್ಲಾಗಿದ್ದವು, ಆದರೆ ಒಂದಕ್ಕೊಂದು ಅಂಟಿಕೊಂಡಿದ್ದವು. ತಳದಲ್ಲಿ ಬೆರಳು ದಪ್ಪದ ಕೆಂಪು ಐಸು. ಮತ್ತೆ ಸೋರಿದೆ, ಈ ಸಲ ಒಂದಲ್ಲ, ಎಲ್ಲವೂ! ತನ್ನ ಕೈಯೇ ಸರಿಯಿಲ್ಲ ಎಂದುಕೊಂಡಳು. ಬೇರೆ ಕಾರಣ ಇರಬಹುದೆಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ನಾಲ್ಕು ವರ್ಷ ಬೈಸಿಕೊಂಡವರಿಗೆ ಎಲ್ಲ ತಪ್ಪೂ ತಮ್ಮದೇ ಎನ್ನಿಸುತ್ತದೆ.

ಮಾವ ಮನೆಯಲ್ಲಿ ಅಕ್ಕನಿಗೆ ಕಾಲು ಒತ್ತುತ್ತ ಕೂತಿದ್ದರು. ಸೊಸೆ ಬಾಗಿಲು ಹಾಕಿಕೊಂಡು ಮಧ್ಯಾಹ್ನವಿಡೀ ಕೆಲಸ ಮಾಡಿದಳು. ಮರದ ಚಮಚದಿಂದ ಕೆಂಪು ಐಸು ಕೆರೆದಳು. ಅಂಟಿದ್ದನ್ನು ಬಿಡಿಸಿ, ಹಳೆಯ ಪ್ಲಾಸ್ಟಿಕ್ಕಿನ ಮೇಲೇ ಹೊಸದು ಸುತ್ತಿ, ಪಟ್ಟಿ ಬದಲಿಸಿ, ಹಳೆಯ ತಾರೀಕನ್ನೇ ದುಂಡಗೆ ಬರೆದಳು. ಕೈ ಮರಗಟ್ಟಿ ಉರಿಯುತ್ತಿತ್ತು. ಕೊನೆಗೆ ಲೋಟ ಕಣ್ಣಿಗೆ ಬಿತ್ತು. ಯಾವಾಗಲೂ ಮೇಲಿರುತ್ತಿದ್ದ ನಾಣ್ಯ ತಳದಲ್ಲಿತ್ತು. ಅಲ್ಲೇ, ಹಾಗೇ ಇರಬೇಕು ಎಂದಿದ್ದರಲ್ಲ! ಲೋಟವನ್ನು ಬಿಸಿನೀರಲ್ಲಿ ಅದ್ದಿ ನಾಣ್ಯ ತೆಗೆದಳು, ಹೊಸ ನೀರು ತುಂಬಿ ಒಳಗಿಟ್ಟಳು. ಮಾರನೆಯ ಬೆಳಿಗ್ಗೆ ಅದು ಗಟ್ಟಿಯಾಗಿದ್ದಾಗ ನಾಣ್ಯವನ್ನು ಒರೆಸಿ ಮೇಲಿಟ್ಟಳು.

ಅದೇ ಬೆಳಿಗ್ಗೆ ಮಾವ ಅಂಗಡಿಗೆ ಬಂದರು. ಪಕ್ಕದಂಗಡಿಯ ಟೈಲರ್ ತನ್ನ ಮಿಷನ್ ಬಿಟ್ಟೆದ್ದು ಓಡಿಬಂದ.

"ಮೇಷ್ಟ್ರೇ, ನಿಮ್ಮ ಫ್ರೀಜರು ನೋಡಿದ್ರಾ? ಟ್ರಾನ್ಸ್‌ಫಾರ್ಮರ್ ಸುಟ್ಟು ನಾಲ್ಕು ದಿನ ಕರೆಂಟಿರ್ಲಿಲ್ಲ. ಮೊನ್ನೆ ತಾನೇ ಬಂತು."

ಮಾವನ ಮುಖದ ಬಣ್ಣ ಹೋಯಿತು. ಮುಚ್ಚಳ ಎತ್ತಿದರು. ಮಾಂಸದ ಕಡೆ ನೋಡಲೇ ಇಲ್ಲ, ಸೀದಾ ಲೋಟದ ಮೇಲೆ ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಹಾಗೇ ಇದ್ದರು. ಎದ್ದಾಗ ಮುಖ ಅರಳಿತ್ತು.

"ಏನೂ ಆಗಿಲ್ಲ ಕಣೋ. ತುಂಬಿದ ಫ್ರೀಜರು, ತಡ್ಕೊಂಡಿದೆ." ಒಂದು ತೊಡೆಯನ್ನು ಎತ್ತಿ ಬೆಳಕಿಗೆ ಹಿಡಿದರು. "ಕಟ್ಟಿರೋದು ನೋಡು. ಒಂದು ಸುಕ್ಕಿಲ್ಲ, ಗಾಳಿಯಿಲ್ಲ. ನಮ್ಮ ಸೊಸೆ ಕೈ. ನನಗಿಂತ ಚೆನ್ನಾಗಿ ಕಟ್ತಾಳೆ."

ನಾಲ್ಕು ದಿನ ಎಂಬ ಮಾತು, ಕೆಂಪು ಐಸು, ತಳ ಸೇರಿದ ನಾಣ್ಯ. ಮೂರೂ ಅವಳ ತಲೆಯಲ್ಲಿ ಒಟ್ಟಿಗೆ ಬಂದು ನಿಂತವು. ಹೇಳಿಬಿಡಬೇಕು ಎಂದು ಬಾಯಿ ತೆರೆದಳು. ನಮ್ಮ ಸೊಸೆ ಕೈ ಎಂದಿದ್ದರು, ಅದೂ ಹೊರಗಿನವನ ಎದುರು. ಅವಳಿಗೆ ಕಣ್ಣು ತುಂಬಿತು. ಸುಮ್ಮನಾದಳು. ಆ ಮಾತನ್ನು ಒಂದು ದಿನವಾದರೂ ಇಟ್ಟುಕೊಳ್ಳುವ ಆಸೆ. ಹೇಗೂ ಮಾವನ ಮೂಗಿದೆ, ಮಾಂಸ ಕೆಟ್ಟಿದ್ದರೆ ಅದು ಬಿಟ್ಟೀತೇ?

ಎಲ್ಲಕ್ಕಿಂತ ದೊಡ್ಡ ತೊಡೆಯನ್ನು ಮಾವ ಅಕ್ಕನಿಗೆಂದು ಆರಿಸಿದರು. ಅಗಲವಾದ ತಟ್ಟೆಯಲ್ಲಿಟ್ಟು ಮನೆಯ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಎರಡು ದಿನ ಬಿಟ್ಟರು. ದೊಡ್ಡ ತುಂಡಿನ ಐಸು ನಿಧಾನಕ್ಕೇ ಬಿಡಬೇಕು. ಅದು ಬೆಂದು ಅಕ್ಕ ಉಣ್ಣುವವರೆಗೆ ಅಂಗಡಿ ತೆರೆಯುವುದಿಲ್ಲ ಎಂದರು. ಮೂರನೆಯ ದಿನ ಸೊಸೆ ಪ್ಲಾಸ್ಟಿಕ್ ಬಿಡಿಸಿದಳು. ಮೂಳೆಯ ಹತ್ತಿರದಿಂದ ಏನೋ ವಾಸನೆ ಬಂತು. ಜೋರಾಗೇನಲ್ಲ, ಒದ್ದೆ ಬಟ್ಟೆ ಮಡಿಸಿಟ್ಟಂಥದ್ದು.

"ಮಾವ, ಸ್ವಲ್ಪ ವಾಸನೆ ಇದೆಯಾ ಅಂತ..."

ಮಾವ ಬಂದರು. ಬಗ್ಗಿದರು, ಕಣ್ಣು ಮುಚ್ಚಿದರು, ಉದ್ದಕ್ಕೆ ಉಸಿರೆಳೆದರು.

"ಆಗುತ್ತೆ."

"ನಿಜವಾಗ್ಲೂ ಮಾವ?"

"ನನಗೇ ಹೇಳ್ಕೊಡ್ತೀಯಾ?"

ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತೊಳೆದಳು, ಮಸಾಲೆ ಹಚ್ಚಿದಳು, ನಾಲ್ಕು ಗಂಟೆ ಬೇಯಿಸಿದಳು. ಮುದುಕಿ ಹೊಟ್ಟೆ ತುಂಬ ಉಂಡರು. "ಲೋ ತಮ್ಮ, ಎಷ್ಟು ದಿನ ಆಗಿತ್ತೋ ಬಾಯಿಗೆ ರುಚಿ ಹತ್ತಿ," ಎಂದು ತಟ್ಟೆಯನ್ನು ಇನ್ನೊಮ್ಮೆ ಮುಂದೆ ಚಾಚಿದರು. ಮಾವ ಬಡಿಸಿದರು.

ಸಂಜೆಗೆ ಉಂಡ ಮೂವರಿಗೂ ವಾಂತಿ, ಭೇದಿ ಶುರುವಾಯಿತು. ಇಬ್ಬರು ಎರಡು ದಿನ ನರಳಿ ಎದ್ದು ಕೂತರು. ಮುದುಕಿ ಏಳಲಿಲ್ಲ. ಒಮ್ಮೆ ಕೆಟ್ಟ ಮಾಂಸದ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಮಾವ ಗೋಡೆಗೆ ಒರಗಿ ಕೇಳಿಸಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ಮಾವ ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ನನಗೆ ಮೂಗಿಲ್ಲಮ್ಮ. ಎರಡು ವರ್ಷ ಆಯ್ತು. ನೀನು ವಾಸನೆ ಅಂದಾಗ ನನಗೇನೂ ಗೊತ್ತಾಗ್ಲಿಲ್ಲ, ಸುಮ್ನೆ ಆಗುತ್ತೆ ಅಂದೆ. ನಾಣ್ಯ ಮೇಲಿತ್ತಲ್ಲ ಅನ್ನೋ ಧೈರ್ಯ. ಹೇಗೆ ಮೇಲಿತ್ತೋ ತಿಳೀತಿಲ್ಲ."

"ಕೆಳಗಿತ್ತು ಮಾವ," ಎಂದಳು ಸೊಸೆ. "ನಾನೇ ಮೇಲಿಟ್ಟೆ. ಸೋರಿದೆ ಅಂದ್ಕೊಂಡೆ, ಬೈತೀರಿ ಅಂತ. ಆಮೇಲೆ ಟೈಲರ್ ಹೇಳಿದಾಗ ಗೊತ್ತಾಯ್ತು. ಆದ್ರೂ ಹೇಳ್ಲಿಲ್ಲ."

ಮಾವ ಅವಳನ್ನೇ ನೋಡಿದರು.

"ಬೈರಿ ಮಾವ," ಎಂದು ಅವಳು ಅತ್ತಳು. "ಹೊಡೀರಿ ಬೇಕಾದ್ರೆ."

"ಯಾವ ಬಾಯಲ್ಲಿ ಬೈಲಮ್ಮ," ಎಂದರು ಮಾವ.

ಮಾರನೆಯ ದಿನ ಇಬ್ಬರೂ ಫ್ರೀಜರಿನ ಸ್ವಿಚ್ ಆರಿಸಿದರು. ಅದರ ಮಾರನೆಯ ದಿನ, ಊರಾಚೆ ತೋಡಿಸಿದ ಗುಂಡಿಯ ಪಕ್ಕ ಪೊಟ್ಟಣಗಳನ್ನು ಇಳಿಸಿಕೊಂಡು ಕೂತರು. ಮೂವತ್ತೊಂದಿದ್ದವು. ಅವಳು ಕಟ್ಟಿದ್ದು ಎಷ್ಟು ಬಿಗಿಯಾಗಿತ್ತೆಂದರೆ ಬೆರಳಿಗೆ ಬಿಚ್ಚಲು ಬರಲಿಲ್ಲ, ಪ್ರತಿಯೊಂದಕ್ಕೂ ಚಾಕು ಹಾಕಬೇಕಾಯಿತು. ಮೊದಲನೆಯದು ಬಿಚ್ಚಿದಾಗಲೇ ಅವಳು ಮೂಗಿಗೆ ಸೆರಗು ಒತ್ತಿಕೊಂಡು ಓಕರಿಸಿದಳು. ಮಾವನಿಗೆ ಏನೂ ಆಗಲಿಲ್ಲ. ಬರಿಗೈಯಲ್ಲಿ ಒಂದೊಂದನ್ನೇ ಎತ್ತಿ, ಗುಂಡಿಗೆ ಹಾಕುವ ಮುನ್ನ ಅವಳ ಮುಂದೆ ಹಿಡಿಯುತ್ತಿದ್ದರು.

"ಇದು?"

"ಹೋಗಿದೆ ಮಾವ."

"ಇದು?"

"ಹೋಗಿದೆ."

ಎಲ್ಲವೂ ಹೋಗಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮೂವತ್ತೊಂದನ್ನೂ ಅವರು ಕೇಳಿದರು, ಮೂವತ್ತೊಂದಕ್ಕೂ ಅವಳು ಉತ್ತರ ಹೇಳಿದಳು.